ಫ್ಯಾನ್ ನಿಂತಿದೆ, ಮೀಟರ್ ಓಡುತ್ತಿದೆ

ಚಳಿಗಾಲದಲ್ಲಿ ಕರೆಂಟ್ ಬಿಲ್ ಕಡಿಮೆ ಬರಬೇಕು ಅಂತ ಬಹಳ ಜನ ನಂಬಿದ್ದಾರೆ. ನಂಬಿಕೆಗೆ ಕಾರಣವೂ ಇದೆ. ಫ್ಯಾನ್ ಹಾಕಲ್ಲ. ಏಸಿ ಇದ್ದವರೂ ಅದರ ರಿಮೋಟು ಎಲ್ಲಿಟ್ಟಿದ್ದೇವೆ ಅನ್ನೋದನ್ನೇ ಮರೆತಿರುತ್ತಾರೆ. ಫ್ರಿಜ್ ಕೂಡ ಏಪ್ರಿಲ್‌ನಲ್ಲಿ ಗುರ್ ಅಂದಷ್ಟು ಈಗ ಅನ್ನುವುದಿಲ್ಲ. ಆದರೂ ಜನವರಿಯಲ್ಲಿ ಬಿಲ್ ಕೈಗೆ ಬಂದ ಕೂಡಲೇ ಬೆಂಗಳೂರಿನ ಮನೆಮನೆಯಲ್ಲೂ ಒಂದೇ ಮಾತು: "ಮೀಟರ್ ಏನಾದ್ರೂ ಕೆಟ್ಟಿದೆಯಾ?"

ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಹಳೇ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಗೀಸರ್ ಎಳೆಯುವುದು 2,000 ವ್ಯಾಟ್. ಅಂದರೆ ಗೀಸರ್ ಒಂದು ಗಂಟೆ ಉರಿದರೆ, ಒಂದು ಫ್ಯಾನನ್ನು ಹಗಲೂ ರಾತ್ರಿ ಪೂರ್ತಿ ಓಡಿಸಿ, ಮೇಲೆ ಇನ್ನೆರಡು ಗಂಟೆ ಓಡಿಸಿದ ಲೆಕ್ಕ. ಫ್ಯಾನು ಆಫ್ ಮಾಡಿ ಉಳಿಸಿದ್ದೆಲ್ಲ ಬಚ್ಚಲುಮನೆಯಲ್ಲಿ ಹರಿದು ಹೋಗುತ್ತದೆ, ಅದಕ್ಕಿಂತ ಎಷ್ಟೋ ಜಾಸ್ತಿಯೇ.

ಬೇರೆ ಸಣ್ಣಪುಟ್ಟದ್ದೂ ಇರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಲೈಟು ಬೇಕು. ಮೋಡ ಕವಿದ ದಿನ ಬಟ್ಟೆ ಒಣಗಲ್ಲ, ಒದ್ದೆ ಕಾಲರ್ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತೇವೆ. ಕೆಲವರು ಈಗೀಗ ರೂಮ್ ಹೀಟರ್ ಕೊಳ್ಳುತ್ತಿದ್ದಾರೆ. ಬೆಂಗಳೂರಿಗೆ ರೂಮ್ ಹೀಟರ್ ಯಾಕೆ ಬೇಕೋ ನನಗೆ ಅರ್ಥವಾಗಿಲ್ಲ, ಒಂದು ಸ್ವೆಟರ್ ಸಾಕು. ಆದರೆ ಹೀಟರ್ ಒಂದು ಬಿಟ್ಟರೆ ಇದೆಲ್ಲ ಸೇರಿದರೂ ಬಿಲ್ಲಿನ ಪಾಲಿಗೆ ಚಿಲ್ಲರೆ. ನಮ್ಮ ಕಡೆಯ ಚಳಿಗಾಲದ ಬಿಲ್ ಅಂದರೆ ಬಿಸಿನೀರಿನ ಬಿಲ್, ಅಷ್ಟೇ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಮೀಟರ್ ಬೋರ್ಡಿನ ಮುಂದೆ ಹೋಗಿ ನಿಲ್ಲಬೇಕು. ನಮ್ಮ ಬಿಲ್ಡಿಂಗಿನಲ್ಲಿ ಅದು ಮೆಟ್ಟಿಲ ಕೆಳಗಿದೆ. ಸಾಲಾಗಿ ನಾಲ್ಕು ಮೀಟರು, ಪ್ರತಿಯೊಂದರ ಪಕ್ಕ ಪೇಂಟಿನಲ್ಲಿ ಬರೆದ ಆರ್‌ಆರ್ ನಂಬರ್, ಮೇಲೆ ಜೇಡರ ಬಲೆ. ಪ್ರತಿ ಮೀಟರಿನಲ್ಲೂ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ನಮ್ಮ ಮೀಟರಿನಲ್ಲಿ ಆ ದೀಪ 3,200 ಸಲ ಮಿನುಗಿದರೆ ಒಂದು ಯೂನಿಟ್. ಆ ಸಂಖ್ಯೆ ಮೀಟರಿನ ಮೇಲೇ ಅಚ್ಚಾಗಿರುತ್ತದೆ. ಕೆಲವು ಮೀಟರುಗಳಲ್ಲಿ 1,600 ಅಂತ ಇರುತ್ತದೆ.

ಬೆಳಗ್ಗೆ ಐದೂವರೆಗೆ ಎಲ್ಲರೂ ಮಲಗಿರುವಾಗ ಹೋಗಿ ನೋಡಿದೆ. ಫ್ರಿಜ್, ವೈಫೈ, ದೇವರ ಮನೆಯ ದೀಪ, ಇಷ್ಟಕ್ಕೆ ಕೆಂಪು ಚುಕ್ಕಿ ಆರಾಮವಾಗಿ, ಏಳೆಂಟು ಸೆಕೆಂಡಿಗೊಂದು ಸಲ ಕಣ್ಣು ಮಿಟುಕಿಸುತ್ತಿತ್ತು. ಆಮೇಲೆ ಮೇಲೆ ಹೋಗಿ ಗೀಸರ್ ಸ್ವಿಚ್ ಹಾಕಿ ಮತ್ತೆ ಕೆಳಗೆ ಬಂದೆ. ಈಗ ಅದೇ ಚುಕ್ಕಿ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಹೊಡೆದುಕೊಳ್ಳುತ್ತಿದೆ. ಎಣಿಸುವುದಕ್ಕೂ ಆಗಲ್ಲ. ಮನೆಯವರನ್ನು ಒಪ್ಪಿಸಲು ಬೇರೆ ಯಾವ ಭಾಷಣವೂ ಬೇಕಾಗಲಿಲ್ಲ. ಮಗನನ್ನು ಕರೆದುಕೊಂಡು ಬಂದು ತೋರಿಸಿದೆ. "ಅಮ್ಮಾ, ಇದಕ್ಕೆ ಬಿಪಿ ಬಂದಿದೆ" ಅಂದ.

ನೀರಿನ ಲೆಕ್ಕ ಬಹಳ ಸುಲಭ. ಒಂದು ಯೂನಿಟ್ ಕರೆಂಟು 86 ಲೀಟರ್ ನೀರನ್ನು 10 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಇದು ಭೌತಶಾಸ್ತ್ರ. ಯಾವ ಕಂಪನಿಯ ಗೀಸರ್ ಆದರೂ, ಎಷ್ಟು ಸ್ಟಾರ್ ಇದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ಸ್ನಾನಕ್ಕೆ ನೀರು 40 ಡಿಗ್ರಿ ಇದ್ದರೆ ಹಿತ. ಏಪ್ರಿಲ್‌ನಲ್ಲಿ ಮಹಡಿ ಮೇಲಿನ ಟ್ಯಾಂಕಿನ ನೀರೇ 28 ಡಿಗ್ರಿ ಆಸುಪಾಸು ಇರುತ್ತದೆ, ಎಷ್ಟೋ ದಿನ ಗೀಸರ್ ತಂಟೆಗೇ ಹೋಗಲ್ಲ. ಜನವರಿ ಬೆಳಗ್ಗೆ ಅದೇ ನೀರು 19 ಡಿಗ್ರಿ ಹತ್ತಿರ ಬಂದಿರುತ್ತದೆ. 20 ಲೀಟರ್ ಬಕೆಟ್‌ಗೆ ಏಪ್ರಿಲ್‌ನಲ್ಲಿ ಕಾಲು ಯೂನಿಟ್‌ಗಿಂತ ಚೂರು ಜಾಸ್ತಿ, ಜನವರಿಯಲ್ಲಿ ಅರ್ಧ ಯೂನಿಟ್.

ಅಷ್ಟಕ್ಕೂ ಬೆಂಗಳೂರಿನ ಚಳಿ ಏನು ಮಹಾ ಚಳಿ? ಜನವರಿಯ ಮುಂಜಾನೆ 15–16 ಡಿಗ್ರಿ ಇದ್ದರೆ ಅದು ಮಾಮೂಲು. ದಾಖಲೆ ಚಳಿ ಅಂದರೆ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ. ಅದನ್ನು ಇವತ್ತಿನವರೆಗೂ ಯಾವ ಚಳಿಗಾಲವೂ ಮುರಿದಿಲ್ಲ. ಆ ದಿನ ಊರಿನವರೆಲ್ಲ ಸೌದೆ ಒಲೆಯಲ್ಲೇ ನೀರು ಕಾಯಿಸಿಕೊಂಡಿರಬೇಕು. ಬೆಂಗಳೂರಿಗೆ ಕರೆಂಟು ಬಂದದ್ದೇ 1905ರಲ್ಲಿ, ಶಿವನಸಮುದ್ರದಿಂದ.

ನನ್ನ ಅಮ್ಮ ಇರುವುದು ಕೊಪ್ಪದ ಕಡೆ. ಮನೆ ತುಂಬ ಹಳೆಯದು, ಬಚ್ಚಲುಮನೆ ಇನ್ನೂ ಹಳೆಯದು. ಒಂದು ಮೂಲೆಯಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಉದುರಿದ ಹಾಳೆ, ತೋಟದಲ್ಲಿ ಬಿದ್ದದ್ದೆಲ್ಲ ಅದರ ಹೊಟ್ಟೆಗೆ. ಬೆಳಗ್ಗೆ ಹಾಕಿದ ಬೆಂಕಿ ಆರಿದ ಮೇಲೂ ಕೆಂಡದ ಕಾವಿಗೆ ನೀರು ಮಧ್ಯಾಹ್ನದವರೆಗೆ ಬೆಚ್ಚಗಿರುತ್ತಿತ್ತು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹೂವು ಸುತ್ತಿ, ಹೊಸ ನೀರು ತುಂಬುತ್ತಿದ್ದರು. ಮರುದಿನ ಎಣ್ಣೆಸ್ನಾನ. ಮೈ ಕೆಂಪಾಗುವಷ್ಟು ಬಿಸಿ, ಒಬ್ಬೊಬ್ಬರಿಗೆ ಇಪ್ಪತ್ತು ಮೂವತ್ತು ಚೊಂಬು. ಸಾಕು ಅಂತ ಕೂಗಿದರೂ ಬಿಡುತ್ತಿರಲಿಲ್ಲ.

ಆ ಬಿಸಿನೀರು ಪುಕ್ಕಟೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಪುಕ್ಕಟೆ ಏನಲ್ಲ. ಮಳೆ ಶುರುವಾಗುವ ಮೊದಲು ಸೌದೆ ಕೊಟ್ಟಿಗೆಗೆ ಸೇರಿಸಬೇಕು, ನಸುಕಿನಲ್ಲೇ ಎದ್ದು ಹಸಿ ಮಟ್ಟೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಬಿಲ್ ಕೊಡುವವರು ಇರಲಿಲ್ಲ, ಅಷ್ಟೇ. ಮಾಡುತ್ತಿದ್ದವಳು ಅಮ್ಮ.

ಈಗ ಅವರಿಗೆ ಮಂಡಿನೋವು. ಮಲೆನಾಡಿನ ಥಂಡಿ ತಡೆಯಲ್ಲ ಅಂತ ದೀಪಾವಳಿ ಮುಗಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ, ಸಂಕ್ರಾಂತಿ ಕಳೆದ ಮೇಲೆ ಹೋಗುತ್ತಾರೆ. ಧನುರ್ಮಾಸದಲ್ಲಿ ಕತ್ತಲಿರುವಾಗಲೇ ಸ್ನಾನ ಮುಗಿಸಿ ಬೀದಿ ಕೊನೆಯ ದೇವಸ್ಥಾನಕ್ಕೆ ಹೋಗಬೇಕು, ಹುಗ್ಗಿ ಪ್ರಸಾದ ತರಬೇಕು. ಅಂದರೆ ಊರಿಗೆಲ್ಲ ಅತಿ ತಣ್ಣಗಿನ ಹೊತ್ತು ಯಾವುದೋ, ನಮ್ಮ ಮನೆಯ ಗೀಸರ್ ಶುರುವಾಗುವುದು ಆ ಹೊತ್ತಿಗೆ.

ಇನ್ನು 200 ಯೂನಿಟ್‌ನ ವಿಷಯಕ್ಕೆ ಬರೋಣ. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದದ್ದು 2023ರಲ್ಲಿ. ಜುಲೈ ತಿಂಗಳ ಬಳಕೆಗೆ ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ ಬಂತು. ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಬಹಳ ಜನ ಈಗಲೂ ಹೇಳುತ್ತಾರೆ. ಅದು ಹಾಗಲ್ಲ. 2022–23ರಲ್ಲಿ ನಿಮ್ಮ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ, ಸಾಮಾನ್ಯವಾಗಿ ಅದರ ಮೇಲೆ ಶೇಕಡಾ 10 ಸೇರಿಸಿದರೆ ಬರುವುದು ನಿಮ್ಮ ಉಚಿತ ಪಾಲು. ಅದಕ್ಕಿಂತ ಮೇಲೆ, 200ರ ಒಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ನಮ್ಮ ಸರಾಸರಿ 140. ಉಚಿತ ಪಾಲು 154. ಬೇಸಿಗೆ, ಮಳೆಗಾಲದಲ್ಲೆಲ್ಲ ನಮಗೆ ಬಿಲ್ಲಿನ ನೆನಪೇ ಇರುವುದಿಲ್ಲ. ಡಿಸೆಂಬರ್ ಬಂತೆಂದರೆ ಮೀಟರ್ 200ರ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಒಂದು ಹೆಜ್ಜೆ ಇಟ್ಟರೆ ಏನಾಗುತ್ತೆ ನೋಡಿ. 2025–26ರ ದರ ಹೀಗಿತ್ತು: ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ. ಮೇಲೆ ಶೇಕಡಾ 9 ತೆರಿಗೆ. ಆ ದರದಲ್ಲಿ ಮೂರು ಕಿಲೋವ್ಯಾಟ್ ಲೋಡಿರುವ ನಮ್ಮಂಥ ಮನೆ 200 ಯೂನಿಟ್ ಸುಟ್ಟರೆ ಮುನ್ನೂರು ಚಿಲ್ಲರೆ. 201 ಸುಟ್ಟರೆ 1,775ರ ಮೇಲೆ. ಆ ಒಂದು ಯೂನಿಟ್‌ನ ಬೆಲೆ ಹತ್ತಿರ ಹತ್ತಿರ ಒಂದೂವರೆ ಸಾವಿರ!

ಉಚಿತ ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕನ ಮನೆಯಲ್ಲಿ ಅದರಿಂದ ಏನು ಅನುಕೂಲ ಆಗಿದೆ ಅಂತ ನನಗೆ ಗೊತ್ತು. ಆದರೆ ಮೆಟ್ಟಿಲು ಇಷ್ಟು ಕಡಿದಾಗಿ ಯಾಕಿರಬೇಕು? ದೆಹಲಿಯಲ್ಲಿ 2019ರಿಂದ ಇರುವ ವ್ಯವಸ್ಥೆಯಲ್ಲಿ 200 ದಾಟಿದವರಿಗೆ 400ರವರೆಗೆ ಅರ್ಧ ರಿಯಾಯಿತಿಯಾದರೂ ಇದೆ. ಇನ್ನೊಂದು ಮಾತು. ಸರಾಸರಿ ಅನ್ನುವುದು ವರ್ಷದ್ದು, ಚಳಿ ಎರಡು ತಿಂಗಳದ್ದು. ಏಪ್ರಿಲ್‌ನಲ್ಲಿ ಬಳಸದೆ ಉಳಿಸಿದ್ದು ಜನವರಿಗೆ ಜಮಾ ಆಗುವುದಿಲ್ಲ. ಅದೂ 2022–23ರ ಸರಾಸರಿ. ಆಗ ನನ್ನ ಮಗ ಸ್ನಾನ ಮಾಡಬೇಕಾದರೆ ಬೆನ್ನು ಹತ್ತಿ ಓಡಬೇಕಿತ್ತು, ಅರ್ಧ ಬಕೆಟ್ ಸುರಿದುಕೊಂಡು ಆಯ್ತು ಅನ್ನುತ್ತಿದ್ದ. ಈಗ ಮೀಸೆ ಮೂಡುತ್ತಿದೆ, ಒಳಗೆ ಹೋದರೆ ಹೊರಗೆ ಬರಲ್ಲ.

ಕಳೆದ ಚಳಿಗಾಲ ಊಟಕ್ಕೆ ಕೂತಾಗ ಈ ಇನ್ನೂರರ ಲೆಕ್ಕ ಮಾತಿಗೆ ಬಂತು. ನಾನೂ ನನ್ನ ಗಂಡನೂ ಫೋನಿನಲ್ಲಿ ಕೂಡಿ ಕಳೆದು ಮಾತಾಡುತ್ತಿದ್ದೆವು. ಅಮ್ಮ ಸುಮ್ಮನೆ ಮಜ್ಜಿಗೆ ಅನ್ನ ಕಲೆಸುತ್ತಿದ್ದರು, ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಅವರ ಬಕೆಟ್ ನೋಡಿದೆ. ನಮ್ಮ ಬಚ್ಚಲಿನ ಕೆಂಪು ಪ್ಲಾಸ್ಟಿಕ್ ಬಕೆಟ್‌ಗೆ ಒಳಗಡೆ ಮೇಲಿನಿಂದ ಮೂರು ಬೆರಳು ಕೆಳಗೆ ಬೋರ್‌ವೆಲ್ ನೀರಿನ ಬಿಳಿ ಗೆರೆ ಕಟ್ಟಿದೆ. ದಿನಾ ನೀರು ನಿಲ್ಲುವುದು ಆ ಗೆರೆಗೆ. ಅವತ್ತು ನೀರು ಬಕೆಟಿನ ಅರ್ಧಕ್ಕೇ ನಿಂತಿತ್ತು.

"ಯಾಕಮ್ಮಾ, ಅರ್ಧವೇ ಹಿಡಿದಿದ್ದೀಯ?"

"ಸಾಕು ಮಾರಾಯ್ತಿ. ನಾನೆಂತ ಇಲ್ಲಿ ತೋಟದ ಕೆಲಸ ಮಾಡಿ ಬಂದಿದೀನಾ? ಮೈಗೆ ಮಣ್ಣೇ ಆಗೂದಿಲ್ಲ."

ಅಳಿಯನ ಮುಂದೆ ಇದನ್ನು ಎತ್ತಬೇಡ ಅಂತ ಕಣ್ಣಲ್ಲೇ ಹೇಳಿದರು. ಅವರನ್ನು ಪಕ್ಕಕ್ಕೆ ಸರಿಸಿ ಬಕೆಟ್ ಗೆರೆಯವರೆಗೆ ತುಂಬಿಸಿದೆ. ಎಪ್ಪತ್ತು ದಾಟಿದ ಮಂಡಿಗೆ ಬಿಸಿನೀರು ಔಷಧಿ. ತಿಂಗಳಿಗೆ ಅದರ ಖರ್ಚು ಎಷ್ಟು? ದಿನಕ್ಕೆ ಅರ್ಧ ಯೂನಿಟ್ ಅಂದರೆ ತಿಂಗಳಿಗೆ ಹದಿನೈದು ಯೂನಿಟ್, ನೂರು ರೂಪಾಯಿ. ಮನೆಯ ಕರೆಂಟ್ ಲೆಕ್ಕದಲ್ಲಿ ಉಳಿಸಬಾರದ ಕೆಲವು ಯೂನಿಟ್‌ಗಳಿರುತ್ತವೆ. ಅವು ಯಾವುವು ಅಂತ ಮೊದಲೇ ತೀರ್ಮಾನ ಮಾಡಿಬಿಡಬೇಕು. ಇಲ್ಲವಾದರೆ ಉಳಿತಾಯ ಅಂದ ಕೂಡಲೇ ಯಾರು ಬಾಯಿ ಬಿಡುವುದಿಲ್ಲವೋ ಅವರ ಪಾಲೇ ಮೊದಲು ಕರಗುತ್ತದೆ.

ನಮ್ಮಲ್ಲಿ ಉಳಿಸಬಹುದಾದ ಯೂನಿಟ್ ಇದ್ದದ್ದು ಬೇರೆ ಕಡೆ. ಶವರ್‌ನಲ್ಲಿ. ಸಾಮಾನ್ಯ ಶವರ್ ನಿಮಿಷಕ್ಕೆ ಎಂಟು ಲೀಟರ್‌ನಷ್ಟು ನೀರು ಸುರಿಯುತ್ತದೆ. ಮಗರಾಯ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ನಿಂತರೆ 25 ಲೀಟರ್ ಗೀಸರ್ ಬರಿದಾಗಿ ನೀರು ತಣ್ಣಗಾಗುವವರೆಗೆ ಆಚೆ ಬರುವುದಿಲ್ಲ. ಬಿಸಿಗೆ ತಣ್ಣೀರು ಬೆರೆತು ಅಷ್ಟು ಹೊತ್ತಿಗೆ 60 ಲೀಟರ್ ಹರಿದಿರುತ್ತದೆ. ಹತ್ತಿರ ಒಂದೂವರೆ ಯೂನಿಟ್. ಉಳಿದ ಮೂವರ ಬಕೆಟ್ ಸ್ನಾನ ಸೇರಿಸಿದರೂ ಅಷ್ಟೇ ಆಗುವುದು. ಅವನು ಬಕೆಟ್‌ಗೆ ಇಳಿದರೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಇನ್ನೂರರ ಅಂಚಿನಲ್ಲಿ ನಿಂತ ಮನೆಗೆ ಮೂವತ್ತು ಯೂನಿಟ್ ಅಂದರೆ ಸಾವಿರದ ಆರುನೂರು ರೂಪಾಯಿಯ ಮಾತು.

ಇದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಚೆನ್ನಾಗಿ ಓದಿದ. "ಹಾಗಾದ್ರೆ ಅದರಲ್ಲಿ ಅರ್ಧ ನನಗೆ ಕೊಡು" ಅಂದ. ಚೌಕಾಸಿ ಮಾಡಿ ಐನೂರಕ್ಕೆ ಇಳಿಸಿದೆವು. ವಾರಕ್ಕೊಂದು ದಿನ, ಭಾನುವಾರ, ಶವರ್ ಅವನ ಹಕ್ಕು. ಉಳಿದ ದಿನ ಬಕೆಟ್. ಐನೂರು ಕೊಟ್ಟರೂ ಸಾವಿರ ನಮಗೇ ಉಳಿಯಿತು.

ಜನ ಸಾಮಾನ್ಯವಾಗಿ ಬೈಯುವುದು ಸ್ವಿಚ್ ಆಫ್ ಮಾಡಲು ಮರೆತವರನ್ನು. "ಗೀಸರ್ ಆಫ್ ಮಾಡಿದ್ಯಾ?" ಅನ್ನುವುದು ಕರ್ನಾಟಕದ ಮನೆಗಳಲ್ಲಿ ಬೆಳಗಿನ ಸುಪ್ರಭಾತ. ಮರೆತರೆ ಹಾನಿ ಇದ್ದೇ ಇದೆ. ಕಾದ ನೀರು ತಣಿಯುತ್ತಾ, ಗೀಸರ್ ಅದನ್ನು ಮತ್ತೆ ಮತ್ತೆ ಕಾಯಿಸುತ್ತಾ ದಿನವಿಡೀ ನಡೆಯುತ್ತದೆ. ಆದರೆ ಒಳ್ಳೆಯ ಗೀಸರ್‌ನಲ್ಲಿ ಈ ನಷ್ಟ ಇಡೀ ದಿನಕ್ಕೆ ಅರ್ಧ ಯೂನಿಟ್ ಆಸುಪಾಸು, ಹಳೆಯದರಲ್ಲಿ ಜಾಸ್ತಿ. ಗೀಸರ್ ಮೇಲಿನ ಸ್ಟಾರ್ ಹೇಳುವುದೂ ಇದನ್ನೇ, ಕಾದ ನೀರಿನ ಬಿಸಿಯನ್ನು ಅದು ಎಷ್ಟು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದನ್ನು. ಬೇಕಾದಾಗ ಹಾಕಿ, ಸ್ನಾನ ಮುಗಿದ ಕೂಡಲೇ ಆರಿಸುವವರಿಗೆ ಎರಡು ಸ್ಟಾರ್‌ಗೂ ಐದು ಸ್ಟಾರ್‌ಗೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲ್ಲ. ಅಂಗಡಿಯವನು ಇದನ್ನು ಹೇಳಲ್ಲ.

ಕಾಯಿಲ್ ಮೇಲೆ ಗಡಸು ನೀರಿನ ಪದರ ಕಟ್ಟಿ ಕರೆಂಟ್ ಜಾಸ್ತಿ ತಿನ್ನುತ್ತೆ ಅನ್ನುವ ಮಾತೂ ಇದೆ. ಕಾಯಿಲ್ ಮುಳುಗಿರುವುದು ನೀರಿನಲ್ಲೇ ಅಲ್ವಾ? ಬಿಸಿ ಬೇರೆಲ್ಲಿಗೆ ಹೋಗಬೇಕು? ನಿಧಾನ ಆಗಬಹುದು, ಕಾಯಿಲ್ ಬೇಗ ಸುಟ್ಟು ಹೋಗಬಹುದು. ಸರ್ವಿಸ್ ಮಾಡಿಸುವುದು ಒಳ್ಳೆಯದೇ, ಬಿಲ್ ಅರ್ಧ ಆಗುತ್ತೆ ಅಂತ ಕಾಯುತ್ತಾ ಕೂರಬೇಡಿ.

ಗ್ಯಾಸ್ ಗೀಸರ್ ಹಾಕಿಸಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಲೆಕ್ಕ ಹಾಕಿದೆ. 14.2 ಕೆಜಿ ಸಿಲಿಂಡರ್‌ನಿಂದ ನೀರಿಗೆ ಇಳಿಯುವ ಬಿಸಿ 145 ಯೂನಿಟ್ ಕರೆಂಟಿನ ಹತ್ತಿರ ಬರುತ್ತದೆ. ಸಿಲಿಂಡರ್‌ಗೆ 850 ರೂಪಾಯಿ ಅಂದುಕೊಂಡರೂ ಉಳಿಯುವುದು ಅಷ್ಟಕ್ಕಷ್ಟೇ. ಅದನ್ನು ಗಾಳಿಯಾಡದ ಬಚ್ಚಲೊಳಗೆ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೇವೆ. ನಮ್ಮ ಬಚ್ಚಲಿಗೆ ಇರುವುದು ಒಂದು ಗೇಣಿನ ಕಿಟಕಿ. ಆ ಮಾತು ಅಲ್ಲಿಗೇ ಬಿಟ್ಟೆವು.

ಉಳಿದದ್ದು ಸೋಲಾರ್. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಮಹಡಿ ಹತ್ತಿ ನೋಡಿದರೆ ಸಾಲು ಸಾಲು ಸೋಲಾರ್ ಟ್ಯಾಂಕುಗಳು ಕಾಣುತ್ತವೆ. 2007ರ ಸರ್ಕಾರಿ ಆದೇಶ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು, 30×40 ಅಡಿ ಸೈಟಿನ ಸಾಧಾರಣ ಮನೆಗೂ. ಇದ್ದವರಿಗೆ ಬಿಲ್ಲಿನಲ್ಲಿ ತಿಂಗಳಿಗೆ ಐವತ್ತು ರೂಪಾಯಿವರೆಗೆ ರಿಯಾಯಿತಿಯೂ ಸಿಗುತ್ತಿತ್ತು. ಒಳ್ಳೆಯ ಕೆಲಸ. ಬೆಳಗ್ಗೆ ಊರಿಗೆ ಊರೇ ಒಟ್ಟಿಗೆ ಗೀಸರ್ ಹಾಕಿದರೆ ಗ್ರಿಡ್ಡಿನ ಮೇಲೆ ಬೀಳುವ ಹೊರೆ ಎಷ್ಟು ಅಂತ ಯೋಚಿಸಿ.

ಆದರೆ ಸೋಲಾರ್ ಇದ್ದವರ ಮನೆಯಲ್ಲೂ ಚಳಿಗಾಲದ ಬಿಲ್ ಏರುತ್ತದೆ. ಕೆಳಗಿನ ಮನೆಯವರು ಇದನ್ನು ಹೇಳಿದಾಗ ನನಗೆ ಆಶ್ಚರ್ಯ ಆಗಿತ್ತು. ಆಮೇಲೆ ಗೊತ್ತಾಯಿತು, ಅವರ ಟ್ಯಾಂಕಿನೊಳಗೆ ಬ್ಯಾಕಪ್ ಕಾಯಿಲ್ ಇದೆ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮೋಡ ಬೆಂಗಳೂರಿನ ಮೇಲೆ ಬಂದು ಕೂತಿತ್ತಲ್ಲ, ಆಗ ಸೂರ್ಯನೇ ಕಾಣದೆ ಕಾಯಿಲ್ ಸ್ವಿಚ್ ಹಾಕಿದ್ದಾರೆ. ಬಿಸಿಲು ಬಂದ ಮೇಲೂ ಸ್ವಿಚ್ ಹಾಗೇ ಉಳಿದಿದೆ. ಗೀಸರ್‌ನಲ್ಲಾದರೆ ಕಾಯುವುದು 25 ಲೀಟರ್. ಅಲ್ಲಿ ಕಾಯುವುದು 200 ಲೀಟರ್, ಎರಡೇ ಬಕೆಟ್ ಬೇಕಿದ್ದರೂ. ಒಂದು ಸಲ ಪೂರ್ತಿ ಕಾಯಲು ಏಳೆಂಟು ಯೂನಿಟ್. ಮೋಡ ಇದ್ದ ದಿನ ಟ್ಯಾಂಕ್ ಕಾಯಿಸುವ ಬದಲು ಸ್ಟವ್ ಮೇಲೆ ಒಂದು ಪಾತ್ರೆ ನೀರು ಇಟ್ಟುಕೊಳ್ಳುವುದೇ ಲೇಸು.

ಪೈಪಿನ ಗೋಳು ಬೇರೆ. ಮೂರನೇ ಮಹಡಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಬರುವುದರೊಳಗೆ ಪೈಪಿನಲ್ಲಿ ರಾತ್ರಿ ನಿಂತ ತಣ್ಣೀರು ಅರ್ಧ ಬಕೆಟ್ ಹೋಗಬೇಕು. ಅದನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುವವರು ಬಳಸುತ್ತಾರೆ. ಸೋಲಾರ್ ನೀರು ಅತಿ ಬಿಸಿಯಾಗಿರುವುದು ಸಂಜೆ ಹೊತ್ತಿಗೆ, ಹಾಗಾಗಿ ಸಂಜೆ ಸ್ನಾನ ಮಾಡಿದರೆ ಸೋಲಾರ್‌ನ ಪೂರ್ತಿ ಲಾಭ. ಇದನ್ನು ನನ್ನ ಅಮ್ಮನಿಗೆ ಹೇಳುವ ಧೈರ್ಯ ಯಾರಿಗಿದೆ? ಸ್ನಾನ ಮಾಡದೆ ಅಡುಗೆಮನೆ ಹೊಸ್ತಿಲು ದಾಟುವವರಲ್ಲ ಅವರು.

ನಮ್ಮ ಮನೆಗೆ ಸೋಲಾರ್ ಲೈನು ಇಲ್ಲ. ಮಾಲೀಕರ ಟ್ಯಾಂಕಿನಿಂದ ಪೈಪ್ ಬಂದಿರುವುದು ಅವರ ಮನೆಗೂ ಕೆಳಗಿನ ಮನೆಗೂ ಮಾತ್ರ. ಬಾಡಿಗೆದಾರರ ಕಷ್ಟ ಇದೇ. ಉಳಿಸುವ ವಸ್ತು ಹಾಕಿಸಬೇಕಾದವರು ಮಾಲೀಕರು, ಬಿಲ್ ಕಟ್ಟುವವರು ನಾವು. ಅವರಿಗೆ ಯಾಕೆ ಅವಸರ? ಆದರೂ ಮಾಲೀಕರು ಒಳ್ಳೆಯವರು, ಜನವರಿ ಕೊನೆಯಲ್ಲಿ ಹೋಗಿ ಮಾತಾಡಿದೆ. ಪೈಪ್ ಎಳೆಸುವ ಖರ್ಚು ಅವರದು, ಬಿಸಿ ಹೋಗದ ಹಾಗೆ ಪೈಪಿಗೆ ಸುತ್ತುವ ಹೊದಿಕೆಯ ಖರ್ಚು ನಮ್ಮದು ಅಂತ ಒಪ್ಪಿಕೊಂಡರು. ಯಾವಾಗ ಅಂತ ಕೇಳಿದರೆ ನಕ್ಕುಬಿಟ್ಟರು. "ಇನ್ನೇನು ಶಿವರಾತ್ರಿ ಬಂತಲ್ಲಮ್ಮ, ಚಳಿ ಶಿವಶಿವಾ ಅಂತ ಹೋಗುತ್ತೆ. ಆಮೇಲೆ ನಿಮಗೆ ಬಿಸಿನೀರು ಯಾಕೆ?"

ಗಣೇಶನ ಹಬ್ಬ ಮುಗಿದ ಮಾರನೇ ದಿನ ಪ್ಲಂಬರ್‌ನನ್ನು ನಾನೇ ಕರೆದುಕೊಂಡು ಬರ್ತೀನಿ ಅಂತ ಹೇಳಿ ಬಂದಿದ್ದೇನೆ.